ಮಂಚದ ಕೆಳಗಿನ ಗುಮ್ಮಿ

ನಮ್ಮನೆಯಲ್ಲಿ ಬೆಕ್ಕಿದೆ ಅಂದರೆ ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಫೋಟೊ ತೋರಿಸು ಅಂತಿದ್ದರು. ಮೊದಲ ಇಪ್ಪತ್ತು ದಿನ ನನ್ನ ಫೋನಿನಲ್ಲಿ ಅವಳದ್ದು ಅಂತ ಇದ್ದದ್ದು ಒಂದೇ ಫೋಟೊ. ಮಂಚದ ಕೆಳಗಿನ ಕತ್ತಲು, ಆ ಕತ್ತಲಲ್ಲಿ ಎರಡು ಹಸಿರು ಚುಕ್ಕಿ. "ಇದು ಬೆಕ್ಕೋ, ವೈಫೈ ರೌಟರೋ?" ಅಂತ ಟೀಮಿನವನೊಬ್ಬ ಕೇಳಿದ್ದ.

ಬೆಕ್ಕು ಸಾಕುವ ಆಸೆ ನನ್ನದೇ. ನಮ್ಮದು ಬನಶಂಕರಿ ಮೂರನೇ ಹಂತದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇವೆ. ಟಿವಿ ಹಾಕುವುದು ಅಪರೂಪ. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆವೆಂದರೆ ಮಧ್ಯಾಹ್ನದವರೆಗೆ ಕುಕ್ಕರ್ ಬಿಟ್ಟು ಬೇರೆ ಯಾರೂ ಕೂಗುವುದಿಲ್ಲ. ಇಂಥ ಮನೆಯಲ್ಲಿ ಒಂದು ಬೆಕ್ಕು ತೊಡೆಯ ಮೇಲೆ ಮಲಗಿ ಗುರ್ ಅನ್ನುತ್ತಿದ್ದರೆ ಹೇಗಿರುತ್ತೆ ಅನ್ನುವ ಚಿತ್ರ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಚಿತ್ರ ರೀಲ್ಸ್ ನೋಡಿ ನೋಡಿ ಬಂದದ್ದು ಅಂತ ಗೊತ್ತಾಗಿದ್ದು ಆಮೇಲೆ.

ರಕ್ಷಿಸಿದ ಬೆಕ್ಕುಗಳನ್ನು ಮನೆಯಲ್ಲೇ ಇಟ್ಟುಕೊಂಡು ಸಾಕುವ ಹುಡುಗಿಯೊಬ್ಬಳ ನಂಬರ್ ಗೆಳತಿ ಕೊಟ್ಟಳು. ಜುಲೈ ತಿಂಗಳ ಒಂದು ಶನಿವಾರ ಹೋದೆವು. ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಬೆಕ್ಕುಗಳು. ಮರಿಗಳು ನನ್ನ ಚೂಡಿದಾರದ ದುಪಟ್ಟಾಕ್ಕೆ ಜೋತುಬಿದ್ದವು. ಮನಸ್ಸು ಅಲ್ಲೇ ಕರಗಿತು. ಆದರೆ ಆ ಹುಡುಗಿ ನಮ್ಮ ಮನೆ ಹೇಗೆ, ಎಷ್ಟು ಹೊತ್ತು ಯಾರಿರುತ್ತೀರಿ, ಮಕ್ಕಳಿದ್ದಾರಾ, ನಾಯಿ ಇದೆಯಾ, ಓನರ್ ಒಪ್ಪಿದ್ದಾರಾ, ಬಾಲ್ಕನಿಗೆ ಮೆಷ್ ಹಾಕಿಸಿದ್ದೀರಾ ಅಂತ ಕೇಳಿ ಮುಗಿಸಿ, "ಅಕ್ಕಾ, ಮರಿಗಳಿಗೆ ಹೇಗೂ ಮನೆ ಸಿಗುತ್ತೆ. ನಿಮ್ಮ ಮನೆ ಇಷ್ಟು ಶಾಂತವಾಗಿದ್ದರೆ ನಿಮಗೆ ಇನ್ನೊಬ್ಬಳನ್ನ ತೋರಿಸ್ತೀನಿ" ಅಂದಳು.

ಆ ಇನ್ನೊಬ್ಬಳು ವಾಷಿಂಗ್ ಮೆಷಿನ್ ಹಿಂದೆ ಇದ್ದಳು. ಬೂದು ಬಣ್ಣ, ಮೈತುಂಬ ಕಪ್ಪು ಪಟ್ಟೆ, ಸುಮಾರು ನಾಲ್ಕು ವರ್ಷ. ಯಾವುದೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರುಗಳ ಕೆಳಗೆ ಬದುಕುತ್ತಿದ್ದವಳು. ಎಡಗಿವಿಯ ತುದಿ ನೇರವಾಗಿ ಕತ್ತರಿಸಿದಂತಿತ್ತು. ಜಗಳದಲ್ಲಿ ಹರಿದದ್ದೇನೋ ಅಂದುಕೊಂಡೆ. ಅಲ್ಲವಂತೆ. ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನುವುದಕ್ಕೆ ಅರಿವಳಿಕೆಯಲ್ಲಿರುವಾಗಲೇ ಹಾಗೆ ತುದಿ ತೆಗೆದು ಗುರುತು ಮಾಡುತ್ತಾರೆ, ಮತ್ತೆ ಅದೇ ಬೆಕ್ಕನ್ನು ಹಿಡಿದು ಹೊಟ್ಟೆ ಕೊಯ್ಯಬಾರದಲ್ಲ ಅಂತ. ಹನ್ನೊಂದು ಬೆಕ್ಕಿನ ಗದ್ದಲ ತಡೆಯಲಾರದೆ ಆರು ತಿಂಗಳಿಂದ ಅವಳು ಆ ಮೆಷಿನ್ ಹಿಂದೆಯೇ ಇದ್ದಳು. ನೋಡಲು ಬಂದವರೆಲ್ಲ ಒಂದು ನಿಮಿಷ ಬಗ್ಗಿ ನೋಡಿ, ಮರಿ ಎತ್ತಿಕೊಂಡು ಹೋಗಿದ್ದರು.

ನಾನು ಯಾಕೆ ಹೂಂ ಅಂದೆ? ಕನಿಕರ ಅಂತ ಹೇಳಿದರೆ ಚೆನ್ನಾಗಿರುತ್ತೆ. ನಿಜ ಹೇಳಬೇಕೆಂದರೆ, ಸ್ವಲ್ಪ ಜಂಬ. ಬೇರೆಯವರಿಗೆ ಬಗ್ಗದ ಬೆಕ್ಕು ನನಗೆ ಬಗ್ಗುತ್ತೆ, ಎರಡು ವಾರ ಸಾಕು ಅಂದುಕೊಂಡಿದ್ದೆ.

ಫಾರಂ ತುಂಬಿದೆವು. ಮೂವತ್ತು ದಿನ ಪ್ರಯೋಗದ ಅವಧಿ, ಹೊಂದಿಕೆಯಾಗದಿದ್ದರೆ ಅವಳಿಗೇ ವಾಪಸ್ ಕೊಡಬೇಕು, ಬೇರೆ ಯಾರಿಗೂ ಕೊಡುವಂತಿಲ್ಲ, ಬೀದಿಗಂತೂ ಬಿಡುವಂತಿಲ್ಲ. ರೇಬಿಸ್ ಲಸಿಕೆ, ಬೆಕ್ಕುಗಳ ಮೂರು ಸಾಂಕ್ರಾಮಿಕ ರೋಗಕ್ಕೆ ಸೇರಿಸಿ ಹಾಕುವ ಲಸಿಕೆ ಎರಡೂ ಆಗಿದ್ದವು. ಪುಸ್ತಕ ಕೈಗೆ ಕೊಟ್ಟಳು.

ಒಂದು ಕೋಣೆ, ಒಂದು ರಟ್ಟಿನ ಡಬ್ಬಿ

ಇಡೀ ಮನೆ ಒಮ್ಮೆಲೇ ಬಿಟ್ಟುಕೊಡಬೇಡಿ, ಒಂದೇ ಕೋಣೆ ಕೊಡಿ ಅಂತ ಹೇಳಿದ್ದಳು. ನಮಗೆ ಮೊದಲು ವಿಚಿತ್ರ ಅನ್ನಿಸಿತು. ಅತಿಥಿಯನ್ನು ಕೂಡಿಹಾಕುವುದಾ? ಆದರೆ ಬೆಕ್ಕಿನ ಲೆಕ್ಕವೇ ಬೇರೆ. ಅದು ಜಾಗವನ್ನು ಗುರುತಿಸುವುದು ಬಹಳ ಮಟ್ಟಿಗೆ ವಾಸನೆಯಿಂದ. ತನ್ನ ವಾಸನೆ ಎಲ್ಲೂ ಇಲ್ಲದ ಎರಡು ಬೆಡ್‌ರೂಮಿನ ಮನೆ ಅಂದರೆ ಅದಕ್ಕೆ ಅನ್ಯರ ಊರು. ಒಂದು ಸಣ್ಣ ಕೋಣೆಯಾದರೆ ಎರಡು ಮೂರು ದಿನದಲ್ಲಿ ಮೂಲೆ ಮೂಲೆಗೆ ಕೆನ್ನೆ ಉಜ್ಜಿ ತನ್ನದು ಮಾಡಿಕೊಳ್ಳಬಹುದು.

ಹಾಗಾಗಿ ಊರಿಂದ ಬಂದವರಿಗೆ ಅಂತ ಇಟ್ಟಿದ್ದ ಸಣ್ಣ ಕೋಣೆ ಅವಳದಾಯಿತು. ಒಂದು ಮೂಲೆಯಲ್ಲಿ ಮರಳಿನ ಟ್ರೇ, ಅದರಿಂದ ಆದಷ್ಟೂ ದೂರ ಊಟ ಮತ್ತು ನೀರು. ಕಕ್ಕಸಿನ ಪಕ್ಕ ಎಲೆ ಹಾಕಿದರೆ ನಾವು ಊಟ ಮಾಡುತ್ತೇವಾ, ಹಾಗೆಯೇ. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ ಒಳಗೆ ಅತ್ತೆಯ ಒಂದು ಹಳೇ ಕಾಟನ್ ಸೀರೆ ಹಾಸಿದೆ. ಈ ಡಬ್ಬಿಯ ವಿಷಯ ತಮಾಷೆಯಲ್ಲ. ನೆದರ್‌ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಬಚ್ಚಿಟ್ಟುಕೊಳ್ಳಲು ಡಬ್ಬಿ ಕೊಟ್ಟು, ಉಳಿದವಕ್ಕೆ ಕೊಡದೆ ಹೋಲಿಸಿ ನೋಡಿದ್ದಾರೆ. ಡಬ್ಬಿ ಸಿಕ್ಕವು ಬೇಗ ಹೊಂದಿಕೊಂಡವು. ಬಚ್ಚಿಟ್ಟುಕೊಳ್ಳುವುದೇ ಅವುಗಳಿಗೆ ಧೈರ್ಯ ಬರುವ ದಾರಿ.

ನಮ್ಮವಳು ಡಬ್ಬಿಯನ್ನು ಮೂಸಿಯೂ ನೋಡದೆ ಸೀದಾ ಮಂಚದ ಕೆಳಗೆ, ಗೋಡೆಗೆ ಅಂಟಿಕೊಂಡು ಕೂತಳು.

ಮೊದಲ ದಿನ ಏನೂ ತಿನ್ನಲಿಲ್ಲ. ಎರಡನೇ ದಿನವೂ ಸಂಜೆಯವರೆಗೆ ಇಟ್ಟದ್ದು ಇಟ್ಟ ಹಾಗೇ. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆತುಂಬ ಓಡಾಡಿದೆ. ಪಶುವೈದ್ಯರಿಗೆ ಫೋನ್ ಮಾಡಿದರೆ ಅವರು ಹೇಳಿದ ಮಾತು ಇನ್ನೂ ನೆನಪಿದೆ. ನಾಯಿ ಎರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳಬಹುದು, ಬೆಕ್ಕು ಹಾಗಲ್ಲ. ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಂಡು, ಕೆಲವೇ ದಿನದಲ್ಲಿ ಪ್ರಾಣಕ್ಕೆ ಬರಬಹುದು. ಮೈ ತುಂಬಿಕೊಂಡ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಒಂದು ದಿನ ಪೂರ್ತಿ ಬಾಯಿಗೆ ಏನೂ ಇಡದಿದ್ದರೆ ಸುಮ್ಮನೆ ಕೂರಬೇಡಿ, ಫೋನ್ ಮಾಡಿ ಅಂದರು. ಮೀನಿನ ಹಸಿ ಆಹಾರದ ಪೊಟ್ಟಣವನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಉಗುರು ಬೆಚ್ಚಗೆ ಮಾಡಿ ಕೊಡಿ, ಘಮ ಎದ್ದರೆ ತಿನ್ನುತ್ತದೆ ಅಂತಲೂ ಹೇಳಿದರು. ಆ ರಾತ್ರಿ ಲೈಟ್ ಆರಿಸಿ ಬಾಗಿಲು ಮುಚ್ಚಿ ಬಂದೆವು. ಬೆಳಿಗ್ಗೆ ತಟ್ಟೆ ತೊಳೆದಿಟ್ಟಷ್ಟು ಖಾಲಿ.

ಇಲ್ಲೊಂದು ಮಾತು. ನಾವು ಸಸ್ಯಾಹಾರಿಗಳು. ನಮ್ಮಂಥ ಎಷ್ಟೋ ಮನೆಯವರು ಬೆಕ್ಕಿಗೆ ಮೊಸರನ್ನ ಹಾಕಿದರೆ ಆಯ್ತಲ್ಲ ಅನ್ನುತ್ತಾರೆ. ನನ್ನ ಅಜ್ಜಿ ಮನೆಯ ಬೆಕ್ಕು ಹಾಲನ್ನ ತಿಂದೇ ಬದುಕಿತ್ತು ಅಂತ ನಾನೂ ನಂಬಿಕೊಂಡಿದ್ದೆ. ಅದು ಹಾಲನ್ನ ತಿಂದು ಬದುಕಿರಲಿಲ್ಲ, ಅಟ್ಟದ ಇಲಿ ತಿಂದು ಬದುಕಿತ್ತು. ಹಾಲನ್ನ ಮೇಲೋಗರ. ಬೆಕ್ಕಿನ ದೇಹಕ್ಕೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ, ಮಾಂಸ ಮೀನಿನಿಂದಲೇ ಬರಬೇಕು. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ನಾಲ್ಕು ಗೋಡೆಯೊಳಗೆ ಇಲಿ ಹಲ್ಲಿ ಇಲ್ಲದೆ ಇರುವ ಬೆಕ್ಕಿಗೆ ಮೊಸರನ್ನ ಹಾಕುವುದು ಎಂದರೆ ನಿಧಾನವಾಗಿ ಉಪವಾಸ ಕೆಡವಿದ ಹಾಗೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲೂ ಜೀರ್ಣವಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಆಗದಿದ್ದರೆ ಬೆಕ್ಕು ತರಬೇಡಿ, ಬೇಜಾರಿಲ್ಲ. ನಾವು ಯುಟಿಲಿಟಿಯಲ್ಲಿ ಅವಳ ತಟ್ಟೆ, ಚಮಚ, ತೊಳೆಯುವ ಸ್ಪಾಂಜ್ ಎಲ್ಲ ಬೇರೆ ಇಟ್ಟೆವು. ಅಡುಗೆಮನೆಗೆ ಅದು ಬರುವುದಿಲ್ಲ. ಮೊದಲ ವಾರ ಮೂಗು ಹಿಡಿದುಕೊಂಡು ಪೊಟ್ಟಣ ಹರಿಯುತ್ತಿದ್ದೆ. ಈಗ ಕಾಲ್‌ನಲ್ಲಿ ಮಾತಾಡುತ್ತಲೇ ಹರಿಯುತ್ತೇನೆ.

ಆರನೇ ದಿನ ನಾನು ಮಾಡಿದ್ದು

ಆಮೇಲಿನ ದಿನಗಳಲ್ಲಿ ಅವಳು ರಾತ್ರಿ ಪಾಳಿಯ ಪಿಜಿ ಹುಡುಗಿಯ ಹಾಗೆ. ನಾವು ಮಲಗಿದ ಮೇಲೆ ಎದ್ದು, ತಿಂದು, ಮರಳಿನಲ್ಲಿ ಕೆಲಸ ಮುಗಿಸಿ, ಬೆಳಗಾಗುವ ಮುಂಚೆ ಮಂಚದ ಕೆಳಗೆ. ಅವಳು ಇದ್ದಾಳೆ ಅನ್ನುವುದಕ್ಕೆ ಖಾಲಿ ತಟ್ಟೆ ಮತ್ತು ಟ್ರೇಯ ಗಂಟುಗಳೇ ಸಾಕ್ಷಿ. ಬೆಳಿಗ್ಗೆ ಎದ್ದು ಆ ಗಂಟು ಎಣಿಸಿ ಖುಷಿಪಡುವ ದಿನ ಜೀವನದಲ್ಲಿ ಬರುತ್ತೆ ಅಂದುಕೊಂಡಿರಲಿಲ್ಲ.

ಆರನೇ ದಿನ ನನಗೆ ತಾಳ್ಮೆ ತಪ್ಪಿತು. ಒಮ್ಮೆ ಮುಟ್ಟಿದರೆ, ಒಮ್ಮೆ ತೊಡೆಯ ಮೇಲೆ ಕೂರಿಸಿಕೊಂಡರೆ ಅವಳಿಗೇ ಗೊತ್ತಾಗುತ್ತೆ ನಾನು ಒಳ್ಳೆಯವಳು ಅಂತ, ಎಂಬುದು ನನ್ನ ತರ್ಕ. ಮಂಚದ ಕೆಳಗೆ ತೂರಿ, ಕೈ ಚಾಚಿ, ಎಳೆದುಕೊಂಡೆ. ಅವಳು ಒದ್ದಾಡಲಿಲ್ಲ. ಕಲ್ಲಿನ ಹಾಗೆ ಆಗಿಬಿಟ್ಟಳು. "ನೋಡು, ಸುಮ್ಮನಿದ್ದಾಳೆ" ಅಂತ ಗಂಡನನ್ನು ಕೂಗಿದೆ. ಆಗಲೇ ನನ್ನ ಬಟ್ಟೆ ಒದ್ದೆಯಾಯಿತು. ಭಯಕ್ಕೆ ಉಚ್ಚೆ ಹೊಯ್ದುಕೊಂಡಿದ್ದಳು. ನಾನು ಗಾಬರಿಯಿಂದ ಹಿಡಿತ ಬದಲಿಸಿದ ಕ್ಷಣ ಮಣಿಕಟ್ಟಿನ ಮೇಲೆ ಉದ್ದಕ್ಕೆ ಗೀರಿ, ಮತ್ತೆ ಮಂಚದ ಕೆಳಗೆ.

ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆ. ಅವಳಿಗೆ ಲಸಿಕೆ ಆಗಿದ್ದರೂ ಆ ದಿನವೇ ಡಾಕ್ಟರ ಹತ್ತಿರ ಹೋಗಿ ರೇಬಿಸ್ ಇಂಜೆಕ್ಷನ್ ಶುರು ಮಾಡಿದೆ. ಗೀರು ಸಣ್ಣದು ಅಂತ ಇದನ್ನು ಯಾರೂ ಹಗುರ ಮಾಡಬಾರದು. ಇಂಜೆಕ್ಷನ್ ನೋವು ಮರೆತುಹೋಯಿತು. ಮರೆಯದೆ ಇದ್ದದ್ದು ಬೇರೆ. ಆಮೇಲೆ ಅವಳು ಒಂದೂವರೆ ದಿನ ಊಟ ಮುಟ್ಟಲಿಲ್ಲ. ಆರು ದಿನ ರಾತ್ರಿ ಪಾಳಿ ಮಾಡಿ ಸಂಪಾದಿಸಿದ್ದ ಧೈರ್ಯವನ್ನು ನಾನು ಎರಡು ನಿಮಿಷದಲ್ಲಿ ಕಿತ್ತುಕೊಂಡಿದ್ದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಕುದಿಯುವ ಹಾಲು ಇಟ್ಟು ನಾಲಿಗೆ ಸುಡಿಸಿದ ಮೇಲೆ ಆ ಬೆಕ್ಕು ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಚಿಕ್ಕಂದಿನಲ್ಲಿ ಕತೆ ಕೇಳಿ ಬಿದ್ದು ಬಿದ್ದು ನಕ್ಕಿದ್ದೇವೆ. ಪಾಪ, ಬೆಕ್ಕಿನ ನಾಲಿಗೆ ಏನಾಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ. ನಮ್ಮವಳಿಗೆ ಯಾವ ಬಟ್ಟಲಲ್ಲಿ ಯಾರು ಏನು ಸುಟ್ಟಿದ್ದರೋ. ಈಗ ಆ ಪಟ್ಟಿಗೆ ನನ್ನ ಕೈಯೂ ಸೇರಿತು.

ಸುಮ್ಮನಿರುವ ಬೆಕ್ಕು ಒಪ್ಪಿದ ಬೆಕ್ಕಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕಣ್ಣಿನ ಪಾಪೆ ಅಗಲ, ಕಿವಿ ಚಪ್ಪಟೆ, ಬಾಲ ಮೈಯ ಕೆಳಗೆ, ಉಸಿರು ಮೇಲೆ ಮೇಲೆ; ಇಷ್ಟಿದ್ದರೆ ಅದು ಹೆದರಿ ಹೆಪ್ಪುಗಟ್ಟಿದೆ ಅಂತ ಅರ್ಥ. ಮರಿಯಾಗಿದ್ದಾಗ, ಎರಡರಿಂದ ಏಳು ವಾರದೊಳಗೆ, ಮನುಷ್ಯರ ಕೈಯಲ್ಲಿ ಆಡಿದ ಬೆಕ್ಕಿಗೆ ಮನುಷ್ಯ ಅಂದರೆ ಸಲಿಗೆ. ಆ ವಾರಗಳು ಹಾಗೇ ಕಳೆದುಹೋಗಿದ್ದರೆ ದೊಡ್ಡದಾದ ಮೇಲೆ ಕಲಿಯಲು ತಿಂಗಳುಗಟ್ಟಲೆ ಬೇಕು. ಕಲಿಯುವುದೇ ಇಲ್ಲ ಅಂತಲ್ಲ. ಆದರೆ ಅದರ ವೇಗ ಅದರದ್ದು.

ಅವತ್ತಿನಿಂದ ನನ್ನ ಕೆಲಸ ಏನೂ ಮಾಡದೇ ಇರುವುದು. ಲ್ಯಾಪ್‌ಟಾಪ್ ಹಿಡಿದು ಆ ಕೋಣೆಗೆ ಹೋಗುವುದು, ನೆಲದ ಮೇಲೆ ಮಂಚಕ್ಕೆ ಅಡ್ಡವಾಗಿ ಕೂರುವುದು, ಅವಳ ಕಡೆ ನೋಡದೇ ಇರುವುದು. ದನಿ ಅಭ್ಯಾಸವಾಗಲಿ ಅಂತ ಆಫೀಸಿನ ಮೇಲ್‌ಗಳನ್ನು ಮೆಲ್ಲಗೆ ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಕಂಪನಿಯ ಮೂರನೇ ತ್ರೈಮಾಸಿಕದ ಗುರಿ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿರಬೇಕು. ಅಪ್ಪಿತಪ್ಪಿ ಕಣ್ಣಿಗೆ ಕಣ್ಣು ಸೇರಿದರೆ ನಿಧಾನವಾಗಿ ಕಣ್ಣು ಅರೆಮುಚ್ಚಿ ತೆರೆಯುವುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ಬರೆದಿದ್ದಾರೆ. ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಕಣ್ಣು ಕಿರಿದು ಮಾಡುತ್ತವೆ, ಹಾಗೆ ಮಾಡಿದ ಅಪರಿಚಿತರ ಕೈಯ ಹತ್ತಿರ ಬರುವುದೂ ಹೆಚ್ಚು. ನಮ್ಮವಳು ಹದಿನೆಂಟನೇ ದಿನ ಒಮ್ಮೆ ವಾಪಸ್ ಮಿಟುಕಿಸಿದಳು. ಅಥವಾ ನಿದ್ದೆ ಬಂದಿತ್ತೇನೋ. ನಾನು ಮಾತ್ರ ಗಂಡನಿಗೆ, ಅಮ್ಮನಿಗೆ, ಗೆಳತಿಯರಿಗೆ ಎಲ್ಲರಿಗೂ ಮೆಸೇಜ್ ಹಾಕಿದೆ.

ಅಷ್ಟೇ. ಅದಾದ ಮೇಲೆ ಮತ್ತೆ ಒಂದು ವಾರ ಏನೂ ಇಲ್ಲ.

ಇಪ್ಪತ್ತನಾಲ್ಕನೇ ದಿನ ರಾತ್ರಿ ಆ ಹುಡುಗಿಗೆ ಮೆಸೇಜ್ ಟೈಪ್ ಮಾಡಿದೆ. "ನಮ್ಮ ಮನೆ ಅವಳಿಗೆ ಸರಿಹೋಗುತ್ತಿಲ್ಲ ಅನ್ನಿಸುತ್ತೆ. ಅವಳು ಖುಷಿಯಾಗಿಲ್ಲ." ಗಂಡನಿಗೆ ತೋರಿಸಿದೆ. ಅವನು ಓದಿ, "ಕಳಿಸು. ಆದರೆ 'ಅವಳು' ಅಂತ ಬರೆದಿರೋ ಕಡೆ 'ನಾನು' ಅಂತ ಹಾಕು" ಅಂದ. ಜಗಳವಾಯಿತು. ಸಿಟ್ಟಿನಲ್ಲೇ ಕಳಿಸಿಬಿಟ್ಟೆ, ಏನೂ ಬದಲಿಸದೆ.

ಹತ್ತು ನಿಮಿಷಕ್ಕೆ ಫೋನ್ ಬಂತು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. "ತಿಂತಿದ್ದಾಳಾ ಅಕ್ಕಾ? ಟ್ರೇಯಲ್ಲೇ ಹೋಗ್ತಾಳಾ? ಮೈ ನೆಕ್ಕೊಳ್ತಾಳಾ, ಕೂದಲು ಹೊಳಪಾಗಿದೆಯಾ?" ಎಲ್ಲಕ್ಕೂ ಹೌದು ಅಂದೆ. "ಹಾಗಾದ್ರೆ ಅವಳು ಆರಾಮಾಗಿದ್ದಾಳೆ. ಇಲ್ಲಿ ಮೈ ನೆಕ್ಕೊಳ್ತಾ ಇರ್ಲಿಲ್ಲ. ನೀವು ತಂದುಕೊಟ್ರೆ ನಾನು ಬೇಡ ಅನ್ನಲ್ಲ, ನಿಜವಾಗ್ಲೂ. ಆದ್ರೆ ಬಂದ್ರೆ ಮತ್ತೆ ವಾಷಿಂಗ್ ಮೆಷಿನ್ ಹಿಂದೇನೇ. ಅಷ್ಟು ಗೊತ್ತಿರಲಿ ಅಂತ ಹೇಳಿದೆ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಆ ಕೋಣೆಯ ಬಾಗಿಲ ಹತ್ತಿರ ಕೂತಿದ್ದೆ. ಒಳಗಿನಿಂದ ಒಣ ಆಹಾರ ಕಟಂ ಕಟಂ ಅಂತ ಕಡಿಯುವ ಸದ್ದು ಬರುತ್ತಿತ್ತು. ನಾಚಿಕೆಯಾಯಿತು. ಅವಳಿಗೆ ಬೇಕಾದದ್ದೆಲ್ಲ ಆ ಕೋಣೆಯಲ್ಲಿ ಇತ್ತು. ಬೇಕಾಗಿದ್ದು ಸಿಗದೆ ಒದ್ದಾಡುತ್ತಿದ್ದವಳು ನಾನು. ವಾಪಸ್ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಅಲರ್ಜಿ ಶುರುವಾದರೆ, ಇರುವ ಪ್ರಾಣಿಯ ಜೊತೆ ರಕ್ತ ಬರುವ ಹಾಗೆ ಕಚ್ಚಾಡಿದರೆ, ಊಟವನ್ನೇ ಬಿಟ್ಟರೆ, ಕೊಡಲೇಬೇಕಾಗುತ್ತದೆ. ತೊಡೆಯ ಮೇಲೆ ಬರಲಿಲ್ಲ ಅಂತ ಕೊಡುವುದು ಆ ಪಟ್ಟಿಯಲ್ಲಿ ಸೇರುವುದಿಲ್ಲ, ಅಷ್ಟೇ.

ಅತ್ತೆ ಬಂದರು

ಆಗಸ್ಟ್ ಕೊನೆಗೆ ಅರಸೀಕೆರೆಯಿಂದ ಅತ್ತೆ ಬಂದರು, ಕಣ್ಣಿನ ಪೊರೆ ಆಪರೇಷನ್ನಿಗೆ. ಮೂರು ವಾರ ಇರಬೇಕು. ಇರುವುದು ಎಲ್ಲಿ? ಅದೇ ಸಣ್ಣ ಕೋಣೆಯಲ್ಲಿ, ಅದೇ ಮಂಚದ ಮೇಲೆ.

ಅತ್ತೆಗೆ ಬೆಕ್ಕು ಅಂದರೆ ಆಗದು. ಹೊರಡುವಾಗ ಬೆಕ್ಕು ಅಡ್ಡ ಬಂದರೆ ವಾಪಸ್ ಬಂದು ನೀರು ಕುಡಿದು ಹೊರಡುವವರು. "ಮನೇಲಿ ಬೆಕ್ಕು ಇಟ್ಕೊಂಡು ದಿನಾ ಆಫೀಸಿಗೆ ಹೆಂಗೆ ಹೋಗ್ತೀರಮ್ಮಾ?" ಅಂತ ಫೋನಿನಲ್ಲೇ ಕೇಳಿದ್ದರು. ಇವಳು ಅಡ್ಡ ಬರುವುದು ಹಾಗಿರಲಿ, ಕಣ್ಣಿಗೇ ಬೀಳುವುದಿಲ್ಲ ಅತ್ತೆ ಅಂದಿದ್ದೆ.

ಆಪರೇಷನ್ ಆದ ಕಣ್ಣಿಗೆ ಧೂಳು ಕೂದಲು ಆಗಬಾರದು. ಅತ್ತೆ ಬರುವ ಹತ್ತು ದಿನ ಮುಂಚಿನಿಂದಲೇ ಕೋಣೆಯ ಬಾಗಿಲು ತೆರೆದಿಟ್ಟು, ಟ್ರೇಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಯುಟಿಲಿಟಿಗೆ ತಂದೆವು. ಒಮ್ಮೆಲೇ ಜಾಗ ಬದಲಿಸಿದರೆ ಹಳೇ ಜಾಗದಲ್ಲೇ ಗಲೀಜು ಮಾಡುತ್ತವೆ. ಡಬ್ಬಿ ಮತ್ತು ಊಟದ ತಟ್ಟೆ ಹಾಲ್‌ನ ದಿವಾನದ ಪಕ್ಕ ಬಂದವು. ಅವಳು ದಿವಾನದ ಕೆಳಗೆ ಸೇರಿಕೊಂಡಳು. ಕೋಣೆಯ ಮೂಲೆ ಮೂಲೆ ಒರೆಸಿ, ಹಾಸಿಗೆ ಬದಲಿಸಿ, ಅತ್ತೆ ಮಲಗುವಾಗ ಬಾಗಿಲು ಮುಚ್ಚಿಕೊಳ್ಳಿ ಅಂತ ಹೇಳಿದೆವು.

ಆಪರೇಷನ್ ಚೆನ್ನಾಗಿ ಆಯಿತು. ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಒಂದು ಕ್ಷಣ ಕೈ ಕಟ್ಟಿ ಕೂತು ಅಭ್ಯಾಸವಿಲ್ಲದ ಹೆಂಗಸು, ಕಪ್ಪು ಕನ್ನಡಕ ಹಾಕಿಕೊಂಡು ದಿನವಿಡೀ ದಿವಾನದ ಮೇಲೆ ಕೂತರು. ಸಣ್ಣ ದನಿಯಲ್ಲಿ ಆಕಾಶವಾಣಿ. ನಡುನಡುವೆ "ಶಿವ ಶಿವಾ" ಅಂತ ಆಕಳಿಕೆ. ಕೆಳಗಿದ್ದ ಬೆಕ್ಕಿನ ಬಗ್ಗೆ ಅವರಿಗೆ ಒಂದು ಚೂರೂ ಆಸಕ್ತಿ ಇರಲಿಲ್ಲ. ಕರೆಯಲಿಲ್ಲ, ಬಗ್ಗಿ ನೋಡಲಿಲ್ಲ, ಚ್ ಚ್ ಅನ್ನಲಿಲ್ಲ. ಬಗ್ಗುವ ಹಾಗೇ ಇರಲಿಲ್ಲವಲ್ಲ.

ಐದನೇ ದಿನ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಕೂಗಿದರು. "ಬಂದು ಕೂತ್ಕೊಂಡು ಮಾತೇ ಆಡ್ತಿಲ್ವಲ್ಲಮ್ಮಾ, ಏನಾಯ್ತು?"

"ನಾನು ಇಲ್ಲಿದೀನಿ ಅತ್ತೆ."

"ಮತ್ತೆ ಇಲ್ಲಿ ಕಾಲ ಹತ್ರ ಕೂತಿರೋದ್ಯಾರು?"

ಹಾಲ್‌ಗೆ ಇಣುಕಿದೆ. ದಿವಾನದ ಇನ್ನೊಂದು ತುದಿಯಲ್ಲಿ, ಅತ್ತೆಯ ಪಾದದಿಂದ ಒಂದೂವರೆ ಅಡಿ ದೂರದಲ್ಲಿ, ಹಾಡಹಗಲು ಬೆಳಕಿನಲ್ಲಿ, ನಮ್ಮ ಬೆಕ್ಕು ಮುಂಗಾಲು ಮಡಿಸಿ ಕೂತಿತ್ತು. ನಲವತ್ತು ಚಿಲ್ಲರೆ ದಿನಕ್ಕೆ ಮೊದಲ ಸಲ ನಾನು ಅವಳ ಪೂರ್ತಿ ಮೈ ನೋಡಿದೆ. ಎಷ್ಟು ಚೆಂದದ ಬಾಲ! ನಾನು ಒಂದು ಹೆಜ್ಜೆ ಮುಂದಿಟ್ಟೆ, ಮಾಯ.

"ಅದೇ ಕಣತ್ತೆ, ಬೆಕ್ಕು."

"ಓ, ಅದಾ?" ಅತ್ತೆ ರೇಡಿಯೊ ಕಡೆ ತಿರುಗಿದರು. "ಒಳ್ಳೇ ಗುಮ್ಮನಗುಸುಕಿ. ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ."

ಹೀಗೆ ಅವಳ ಹೆಸರು ಗುಮ್ಮಿ ಆಯಿತು. ಅಲ್ಲಿಯವರೆಗೆ ಪುಸ್ತಕದಲ್ಲಿ ಬೇರೇನೋ ಇಂಗ್ಲಿಷ್ ಹೆಸರಿತ್ತು.

ನನಗೆ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಮೀನು ಬೆಚ್ಚಗೆ ಮಾಡಿ ಕೊಟ್ಟವಳು ನಾನು, ಟ್ರೇ ಬಳಿದವಳು ನಾನು, ಇಂಜೆಕ್ಷನ್ ಚುಚ್ಚಿಸಿಕೊಂಡವಳು ನಾನು. ಆದರೆ ಬೆಕ್ಕಿನ ಕಡೆಯಿಂದ ಯೋಚಿಸಿದರೆ ಲೆಕ್ಕ ಸರಿಯಿದೆ. ಅವಳ ಅನುಭವದಲ್ಲಿ ಅವಳನ್ನು ಹುಡುಕಿಕೊಂಡು ಬಂದವರೆಲ್ಲ ಹಿಡಿಯಲು ಬಂದವರೇ. ನಾನು ನೋಡದ ಹಾಗೆ ಕೂತಾಗಲೂ ನನ್ನ ಇಡೀ ಮೈ ಅವಳನ್ನೇ ಕಾಯುತ್ತಿತ್ತು. ಅತ್ತೆ ನಿಜವಾಗಿಯೂ ಬೇರೆ ಯೋಚನೆಯಲ್ಲಿದ್ದರು.

ಮೂರು ವಾರ ಮುಗಿಯುವಷ್ಟರಲ್ಲಿ ಗುಮ್ಮಿ ಅತ್ತೆಯ ಸೀರೆಯ ಸೆರಗಿಗೆ ಬೆನ್ನು ಒರಗಿಸಿ ಮಲಗುತ್ತಿದ್ದಳು. ಅತ್ತೆ ಒಂದು ಸಲವೂ ಮುಟ್ಟಲಿಲ್ಲ. ಡಾಕ್ಟರು ಬೇಡ ಅಂದಿದ್ದಾರೆ ಅನ್ನುವುದು ಅವರ ಕಾರಣ. ಊರಿಗೆ ಹೊರಟ ದಿನ ಮಾತ್ರ, ಬ್ಯಾಗ್ ಎತ್ತಿಕೊಂಡ ಮೇಲೆ, ಬಾಗಿಲಲ್ಲಿ ನಿಂತು ದಿವಾನದ ಕೆಳಗೆ ನೋಡುತ್ತಾ, "ಬರ್ತೀನಿ ಕಣೇ" ಅಂದರು. ನನಗೆ ಹೇಳಿದ್ದೇನೋ ಅಂತ ಹೂಂ ಅಂದೆ.

ಅವರು ಹೋದ ಮೇಲೆ ಗುಮ್ಮಿ ಎರಡು ದಿನ ದಿವಾನದ ಮೇಲೆ ಅದೇ ಜಾಗ ಮೂಸಿ ಮೂಸಿ ನೋಡಿದಳು. ಅಲ್ಲಿ ಅತ್ತೆಯ ಹಳೇ ಸೀರೆ ಹಾಸಿಟ್ಟೆ. ನಾನೂ ಅದೇ ಜಾಗದಲ್ಲಿ ಕೂತು, ಈ ಸಲ ನಿಜವಾಗಿಯೇ ಬೇರೆ ಕೆಲಸ ಮಾಡಲು ಕಲಿತೆ. ಅಕ್ಟೋಬರಿನಲ್ಲಿ, ತೊಂಬತ್ತೇಳನೇ ದಿನ, ಕ್ಲೈಂಟ್ ಜೊತೆ ಕಾಲ್‌ನಲ್ಲಿ ಇದ್ದಾಗ ಮೊಣಕಾಲಿಗೆ ಏನೋ ಡಿಕ್ಕಿ ಹೊಡೆಯಿತು. ಅವಳ ಹಣೆ. ಮಾತಾಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದೆ. "ಯು ದೇರ್?" ಅಂತ ಆ ಕಡೆಯಿಂದ ಮೂರು ಸಲ ಕೇಳಿದರು. ಮೈಕ್ ಮ್ಯೂಟ್ ಮಾಡಿ ಅತ್ತೆ ಅಂತ ಹೇಳಬೇಕೋ ಗಂಡನನ್ನು ಕೂಗಬೇಕೋ ಗೊತ್ತಾಗದೆ, ಉಸಿರು ಹಿಡಿದುಕೊಂಡು ಕೂತೆ. ಕೈ ಚಾಚಲಿಲ್ಲ. ಅಷ್ಟು ಕಲಿತಿದ್ದೆ.

ದೀಪಾವಳಿಗೆ ಎಲ್ಲ ಮತ್ತೆ ಹಿಂದಕ್ಕೆ ಹೋಗುತ್ತೆ ಅಂತ ಹೆದರಿದ್ದೆ. ಸಂಜೆ ಆರಕ್ಕೆ ಮುಂಚೆಯೇ ಕಿಟಕಿ, ಬಾಲ್ಕನಿ ಬಾಗಿಲು ಮುಚ್ಚಿ ಪರದೆ ಎಳೆದೆವು. ಫ್ಯಾನ್ ಜೋರು, ರೇಡಿಯೊ ಆನ್. ಪಟಾಕಿ ಸದ್ದಿಗೆ ಬೆದರಿ ತೆರೆದ ಬಾಗಿಲಿಂದ ಓಡಿಹೋಗುವ ಬೆಕ್ಕು ನಾಯಿಗಳು ಆ ಮೂರು ದಿನದಲ್ಲಿ ಲೆಕ್ಕವಿಲ್ಲದಷ್ಟು. ಗುಮ್ಮಿ ಮೊದಲ ಸರಪಟಾಕಿಗೇ ಮಿಕ್ಸಿ ಡಬ್ಬಿಯೊಳಗೆ ಹೋದಳು. ಆ ಡಬ್ಬಿಯನ್ನು ಹಿಂದಿನ ವಾರವಷ್ಟೇ ರದ್ದಿಯವನಿಗೆ ಕೊಡಲು ಹೊರಗಿಟ್ಟಿದ್ದೆ, ಗಂಡ ಒಳಗೆ ತಂದಿಟ್ಟಿದ್ದ. ಎರಡು ರಾತ್ರಿ ಅಲ್ಲೇ ಇದ್ದಳು. ನಾವು ಕರೆಯಲಿಲ್ಲ, ಸಮಾಧಾನ ಮಾಡಲು ಹೋಗಲಿಲ್ಲ, ಡಬ್ಬಿಯ ಪಕ್ಕ ನೀರು ಊಟ ಇಟ್ಟು ಹಾಲ್‌ನಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದೆವು. ಮೂರನೇ ಬೆಳಿಗ್ಗೆ ಪೊಟ್ಟಣ ಹರಿಯುವ ಸದ್ದಿಗೆ ಯುಟಿಲಿಟಿಯ ಬಾಗಿಲಲ್ಲಿ ಬಂದು ನಿಂತಿದ್ದಳು, ಏನೂ ಆಗಿಲ್ಲವೆಂಬಂತೆ.

ಖರ್ಚಿನ ಬಗ್ಗೆ ಕೇಳುವವರಿಗೆ: ಊಟ, ಮರಳು ಸೇರಿ ನಮಗೆ ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿ ಆಗುತ್ತದೆ, ವರ್ಷದ ಲಸಿಕೆ ಬೇರೆ. ಅವಳನ್ನು ಒಯ್ಯುವ ಬುಟ್ಟಿಯನ್ನು ಅಟ್ಟಕ್ಕೆ ಹಾಕದೆ, ಬಾಗಿಲು ತೆಗೆದು ಹಾಲ್‌ನಲ್ಲೇ ಬಟ್ಟೆ ಹಾಸಿ ಇಟ್ಟಿದ್ದೇವೆ. ಮಧ್ಯಾಹ್ನದ ನಿದ್ದೆ ಅದರಲ್ಲೇ. ಡಾಕ್ಟರ ಹತ್ತಿರ ಹೋಗುವ ದಿನ ಮಲಗಿರುವಾಗಲೇ ಮೆಲ್ಲಗೆ ಬಾಗಿಲು ಹಾಕಿದರಾಯಿತು. ಬಂದ ಮೇಲೆ ಒಂದು ದಿನ ಮುನಿಸು ಇದ್ದೇ ಇರುತ್ತದೆ.

ಒಂದು ವರ್ಷ ದಾಟಿದೆ. ತೊಡೆಯ ಮೇಲೆ ಅವಳು ಇವತ್ತಿಗೂ ಬಂದಿಲ್ಲ. ಎತ್ತಿಕೊಳ್ಳಲು ಬಿಡುವುದಿಲ್ಲ. ಕೂತಾಗ ತೊಡೆಗೆ ಬೆನ್ನು ಅಂಟಿಸಿ ಮಲಗುತ್ತಾಳೆ, ಕಿವಿಯ ಹಿಂದೆ ಕೆರೆದರೆ ಸೈ, ಹೊಟ್ಟೆ ಮುಟ್ಟಿದರೆ ಎದ್ದು ಹೋಗುತ್ತಾಳೆ. ಗುರ್ ಅನ್ನುವುದು ಅತ್ತೆ ಬಂದಾಗ ಮಾತ್ರ. ಕಾಲಿಂಗ್ ಬೆಲ್ ಆದರೆ ಈಗಲೂ ಮಾಯ. ಆಫೀಸಿನವರು ಮೊನ್ನೆ ಊಟಕ್ಕೆ ಬಂದಿದ್ದರು. ರೌಟರ್ ಅಂದಿದ್ದ ಹುಡುಗ ಇಡೀ ಸಂಜೆ ಮನೆಯಲ್ಲಿ ಹುಡುಕಿ, ಬೆಕ್ಕು ಇಲ್ಲವೇ ಇಲ್ಲ ಅಂತ ತೀರ್ಮಾನ ಮಾಡಿ ಹೋದ. ಅವನು ಕೂತಿದ್ದ ದಿವಾನದ ಕೆಳಗೇ ಇದ್ದಳು.